ಎಡಗಾಲಿನ ಬೆಂಡು

ಫೆಬ್ರವರಿ ೪

ಚಿ. ಸೌ. ಸೊಸೆಗೆ ಮಾವನ ಆಶೀರ್ವಾದಗಳು.

ನೀನು ಹೇಗಿದ್ದೀಯ? ನನ್ನ ಮೊಮ್ಮಗಳು ಗುಂಡುಸೂಜಿ ಹೇಗಿದ್ದಾಳೆ, ಅವಳ ಮಾತಿನ ಮೊನೆ ಹಾಗೇ ಇದೆಯೋ ಶಾಲೆಯವರು ಸ್ವಲ್ಪ ಮೊಂಡು ಮಾಡಿದ್ದಾರೋ? ನಿನ್ನ ಜೊತೆ ಕೋಣೆಯಲ್ಲಿರುವ ಇಸ್ತ್ರಿ ಅಕ್ಕನ ಸೊಂಟನೋವು ಹೇಗಿದೆ? ಆಸ್ಪತ್ರೆಯ ಲಾಂಡ್ರಿಯಲ್ಲೇ ಕೆಲಸ ಮಾಡಿಕೊಂಡು ಡಾಕ್ಟರಿಗೆ ತೋರಿಸುವುದಿಲ್ಲವೆಂದರೆ ಹೊಳೆ ದಂಡೆಯಲ್ಲಿ ಕೂತು ಬಾಯಾರಿದ ಹಾಗಾಯಿತು, ಹಾಗೆಂದು ನಾನು ಹೇಳಿದೆನೆಂದು ಹೇಳು.

ಇಲ್ಲಿ ನಿನ್ನ ಅತ್ತೆಯ ಎರಡನೇ ಕಣ್ಣೂ ಮಸುಕಾಯಿತು. ನಾನು ಬೇಜಾರು ಮಾಡಿಕೊಂಡರೆ ಅವಳೇ ನನಗೆ ಸಮಾಧಾನ ಹೇಳುತ್ತಾಳೆ. "ಗೋಡೆ ಎಲ್ಲಿದೆ ಅಂತ ಕೈಗೆ ಗೊತ್ತಾಗತ್ತೆ, ನೀವೆಲ್ಲಿದ್ದೀರಿ ಅಂತ ಮೂಗಿಗೆ ಗೊತ್ತಾಗತ್ತೆ. ಇನ್ನೇನು ನೋಡ್ಬೇಕು ಈ ವಯಸ್ಸಲ್ಲಿ?" ಅಂಟು, ಮೇಣ, ತೊಗಲು ಇವುಗಳ ನಡುವೆ ಐವತ್ತು ವರ್ಷ ಕೂತವನ ವಾಸನೆ ಎಲ್ಲಿ ಹೋದೀತು ಹೇಳು. ಅಂಗಡಿಯಲ್ಲಿ ಹೊಸ ಬೂಟು ಹೊಲಿಸುವವರು ಕಡಿಮೆ, ಹರಿದದ್ದು ತರುವವರೇ ಹೆಚ್ಚು. ಪಕ್ಕದ ಕ್ಷೌರದವನು "ನಿಮ್ದು ಕಾಲ ಕೆಳಗಿನ ವ್ಯಾಪಾರ, ನಂದು ತಲೆ ಮೇಲಿನ ವ್ಯಾಪಾರ, ಇಬ್ರಿಗೂ ಗಿರಾಕಿ ಇಲ್ಲ" ಎಂದು ನಗುತ್ತಾನೆ.

ತಿಂಗಳ ಮೊದಲ ಸೋಮವಾರ ಎಂದಿನಂತೆ ತೊಗಲು ತರಲು ಹೊಳೆ ಊರಿಗೆ ಹೋಗಿದ್ದೆ. ಸರಿಯಾದ ಮಾಲು ಸಿಗಲಿಲ್ಲ, ಬರಿಗೈಯಲ್ಲಿ ಬಂದೆ.

ನಿನ್ನಿಂದ ಮೂರು ತಿಂಗಳಿಂದ ಕಾಗದವಿಲ್ಲ. ಮನಸ್ಸಿನಲ್ಲಿ ಏನಾದರೂ ಇದ್ದರೆ ಬರೆ. ನಾನು ಶಾಲೆ ಕಂಡವನಲ್ಲ, ಬೂಟು ಸುತ್ತಿಕೊಡುವ ಹಳೇ ಪೇಪರಿನಿಂದ ಅಕ್ಷರ ಕಲಿತವನು, ಅರ್ಧಕ್ಕೆ ಹರಿದ ಸುದ್ದಿಯನ್ನೂ ಊಹಿಸಿ ಓದುವ ಅಭ್ಯಾಸವಿದೆ.

ಗುಂಡುಸೂಜಿಗೆ ಬೂಟು ಹೊಲಿಯಬೇಕೆಂದಿದ್ದೇನೆ. ಅವಳನ್ನು ಕಾಗದದ ಮೇಲೆ ನಿಲ್ಲಿಸಿ, ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು, ಎರಡೂ ಪಾದದ ಸುತ್ತ ಗೆರೆ ಎಳೆದು ಕಳಿಸು. ಕೂರಿಸಿ ಎಳೆಯಬೇಡ. ಕೂತ ಕಾಲು ಸುಳ್ಳು ಹೇಳುತ್ತದೆ.

ಮಾವ


ಫೆಬ್ರವರಿ ೨೬

ಮಾವನವರಿಗೆ ನಮಸ್ಕಾರಗಳು.

ಅತ್ತೆಯ ಕಣ್ಣಿನ ವಿಷಯ ತಿಳಿದು ತುಂಬಾ ನೋವಾಯಿತು. ನಾವು ಚೆನ್ನಾಗಿದ್ದೇವೆ. ನಿಮ್ಮ ಮಾತು ಹೇಳಿದೆ, ಇಸ್ತ್ರಿ ಅಕ್ಕ ನಕ್ಕು ಸೊಂಟ ಹಿಡಿದುಕೊಂಡರು, ಡಾಕ್ಟರ ಹತ್ತಿರ ಮಾತ್ರ ಹೋಗಲಿಲ್ಲ.

ಪಾದದ ಗೆರೆ ಇದರ ಜೊತೆಗಿದೆ. ಒಂದು ವಿಷಯ. ಅವಳು ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾಳೆ. ಚಿಕ್ಕವಳಿದ್ದಾಗ ಗೊತ್ತಾಗುತ್ತಿರಲಿಲ್ಲ, ಎತ್ತರ ಬೆಳೆದ ಮೇಲೆ ಕಾಣುತ್ತಿದೆ. ಶಾಲೆಯಲ್ಲಿ ಆಡಿಕೊಳ್ಳುತ್ತಾರೆ.

ಮೂರು ತಿಂಗಳು ಯಾಕೆ ಬರೆಯಲಿಲ್ಲವೆಂದರೆ, ಬರೆದು ಬರೆದು ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ನಮ್ಮ ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುವ ಮೇಸ್ತ್ರಿ ಒಬ್ಬರಿದ್ದಾರೆ. ಹೆಂಡತಿ ತೀರಿಕೊಂಡು ಐದು ವರ್ಷ, ಮಕ್ಕಳಿಲ್ಲ. ಲಾಂಡ್ರಿಗೆ ಉಗಿ ಕಡಿಮೆ ಬಂದಾಗ ನಾನು ಪೈಪಿಗೆ ಸ್ಪ್ಯಾನರಿನಿಂದ ಮೂರು ಸಲ ಬಡಿಯುತ್ತೇನೆ, ಅವರು ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದು ಸರಿ ಮಾಡುತ್ತಾರೆ. ಹೀಗೇ ಎರಡು ವರ್ಷ ನಡೆಯಿತು. ನವೆಂಬರಿನಲ್ಲಿ ಒಂದು ದಿನ ಉಗಿ ಸರಿಯಾಗೇ ಇತ್ತು, ಆದರೂ ಮೇಲೆ ಬಂದರು. "ಇವತ್ತು ಬಡೀಲಿಲ್ಲವಲ್ಲ, ಏನಾಯ್ತೋ ಅಂತ ಬಂದೆ" ಎಂದರು. ಆ ದಿನವೇ ಮದುವೆಯಾಗೋಣವೇ ಎಂದು ಕೇಳಿದರು.

ನನಗೆ ಮೂವತ್ನಾಲ್ಕು ವರ್ಷ. ನಿಮ್ಮ ಮಗ ಮನೆ ಬಿಟ್ಟು ಹೋಗಿ ಒಂಬತ್ತು ವರ್ಷವಾಯಿತು. ಗುಂಡುಸೂಜಿ ಅವರ ಮುಖವನ್ನೇ ನೋಡಿಲ್ಲ. ಮೊನ್ನೆ ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂದಿದ್ದ ಕಡೆ 'ಬಿಟ್ಟು ಹೋಗಿದ್ದಾರೆ' ಎಂದು ದುಂಡಗೆ ಬರೆದು ಬಂದಿದ್ದಾಳೆ.

ವಿಚ್ಛೇದನಕ್ಕೆ ಅರ್ಜಿ ಹಾಕುತ್ತಿದ್ದೇನೆ. ಹೇಳದೆ ಕೇಳದೆ ಬಿಟ್ಟು ಹೋಗಿ ಇಷ್ಟು ವರ್ಷ ಸುದ್ದಿಯಿಲ್ಲವೆಂದು ಗಂಡನ ತಂದೆಯೇ ಬರೆದುಕೊಟ್ಟರೆ ಬೇಗ ಮುಗಿಯುತ್ತದೆ ಎಂದು ವಕೀಲರು ಹೇಳಿದ್ದಾರೆ. ಮೇಸ್ತ್ರಿಗೆ ಸೆಪ್ಟೆಂಬರಿನಲ್ಲಿ ಬೇರೆ ಊರಿನ ಆಸ್ಪತ್ರೆಗೆ ವರ್ಗ. ಅಲ್ಲಿಯ ವಸತಿ ಕಾನೂನು ಪ್ರಕಾರ ಸಂಸಾರ ಇದ್ದವರಿಗೆ ಮಾತ್ರ. ಅಷ್ಟರೊಳಗೆ ಆಗಬೇಕು.

ನನ್ನನ್ನು ಮಗಳ ಹಾಗೆ ನೋಡಿದ್ದೀರಿ. ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ.

ನಿಮ್ಮ ಸೊಸೆ


ಏಪ್ರಿಲ್ ೯

ಚಿ. ಸೌ. ಸೊಸೆಗೆ ಆಶೀರ್ವಾದಗಳು.

ತಡವಾಯಿತು. ಅಂಗಡಿಯ ತಗಡು ಸೋರುತ್ತಿತ್ತು, ಅದರ ರಿಪೇರಿ. ಆಮೇಲೆ ನಿನ್ನ ಅತ್ತೆಗೆ ನೆಗಡಿ. ಆಮೇಲೆ ನನಗೆ.

ಬೂಟು ಕಳಿಸಿದ್ದೇನೆ. ಕಪ್ಪು ಬೇಡ ಎಂದಿದ್ದಳು ಹೋದ ವರ್ಷ, ಅದಕ್ಕೆ ಕೆಂಗಂದು ಬಣ್ಣ. ನಡಿಗೆಯ ಬಗ್ಗೆ ಚಿಂತೆ ಬೇಡ. ಈ ಬೂಟು ಹಾಕಿ ಒಂದು ವಾರ ಓಡಾಡಲಿ, ಆಮೇಲೆ ಆಡಿಕೊಳ್ಳುವವರ ಬಾಯಿಗೇ ಬೀಗ. ಒಳಗೆ ಏನು ಮಾಡಿದ್ದೇನೆಂದು ಕೇಳಬೇಡ, ಅದು ಕಸುಬಿನ ಗುಟ್ಟು. ಹೊರಗಿನಿಂದ ಯಾವ ಗಂಡಸೂ ಕಂಡುಹಿಡಿಯಲಾರ.

ಮೇಸ್ತ್ರಿಯ ವಿಷಯ ಓದಿದೆ. ಎರಡು ಸಲ ಓದಿದೆ. ಬಡಿಯದಿದ್ದಾಗಲೂ ಮೇಲೆ ಹತ್ತಿ ಬಂದವರು ಒಳ್ಳೆಯವರೇ ಇರಬೇಕು. ನೀನು ಮದುವೆಯಾಗು, ಮಗಳೇ. ಇದನ್ನು ಬಾಯಿಮಾತಿಗೆ ಬರೆಯುತ್ತಿಲ್ಲ.

ಆದರೆ ಆ ಬರೆದುಕೊಡುವ ಮಾತು. 'ಬಿಟ್ಟು ಹೋದ' ಎಂದೇ ಬರೆಯಬೇಕೇ? ಬೇರೆ ಯಾವುದಾದರೂ ಪದ ಕಾನೂನಿನಲ್ಲಿ ಇರಬೇಕಲ್ಲ, ವಕೀಲರನ್ನು ಕೇಳು. ಬಂದಿಲ್ಲ ಎಂದು ಬರೆಯುತ್ತೇನೆ. ಕಂಡಿಲ್ಲ ಎಂದು ಬರೆಯುತ್ತೇನೆ. ಹೆತ್ತವನ ಕೈಯಿಂದ ಆ ಒಂದು ಪದ ಬರೆಸಬೇಡ. ಅವನು ಸಣ್ಣವನಿದ್ದಾಗ ಸಂತೆಗೆ ಕರೆದುಕೊಂಡು ಹೋದರೆ ನನ್ನ ಅಂಗಿಯ ತುದಿ ಬಿಡುತ್ತಿರಲಿಲ್ಲ. ಆ ಅಂಗಿಯ ಒಂದು ಮೂಲೆ ಯಾವಾಗಲೂ ಸುಕ್ಕಾಗಿರುತ್ತಿತ್ತು.

ಅಂಗಡಿಯಲ್ಲಿ ಅವನ ಕಾಲಿನ ಮರದ ಅಚ್ಚುಗಳು ಈಗಲೂ ಮೊಳೆಗೆ ನೇತಾಡುತ್ತಿವೆ. ನಿನ್ನ ಅತ್ತೆ ದಿನಾ ತಡವಿಕೊಂಡು ಬಂದು ಅವುಗಳ ಧೂಳು ಒರೆಸುತ್ತಾಳೆ. ಅವಳಿಗೆ ನಿನ್ನ ಅರ್ಜಿಯ ವಿಷಯ ಇನ್ನೂ ಹೇಳಿಲ್ಲ.

ಗುಂಡುಸೂಜಿಗೆ ಬೂಟು ಕಚ್ಚುತ್ತದೆಯೇ ಎಂದು ಬರೆ.

ಮಾವ


ಏಪ್ರಿಲ್ ೨೦

ಮಾವನವರಿಗೆ ನಮಸ್ಕಾರ.

ಬೂಟು ಕಚ್ಚಲಿಲ್ಲ. ನಾಲ್ಕನೇ ದಿನಕ್ಕೆ ನಡಿಗೆ ನೆಟ್ಟಗಾಯಿತು. ಈಗ ಮಲಗುವಾಗ ಬಿಚ್ಚಿಸಲು ಜಗಳ.

ವಕೀಲರನ್ನು ಕೇಳಿದೆ. ಬೇರೆ ಪದವಿಲ್ಲವಂತೆ. ನಿಮಗೆ ಅದು ಸುಳ್ಳು ಅನ್ನಿಸಿದರೆ, ಅದು ಸುಳ್ಳಲ್ಲ. ಅವರು ಯಾಕೆ ಹೋದರು ಎಂದು ನನಗೆ ಗೊತ್ತು. ಒಂಬತ್ತು ವರ್ಷ ಯಾರಿಗೂ ಹೇಳಿಲ್ಲ.

ಮದುವೆಯಾದ ಎರಡನೇ ದಿನ ಸ್ನಾನದ ಮನೆಯಿಂದ ಬಂದ ಒದ್ದೆ ಹೆಜ್ಜೆ ನೋಡಿದೆ. ಬಲ ಹಿಮ್ಮಡಿ ದಟ್ಟವಾಗಿ ಮೂಡಿತ್ತು, ಎಡದ್ದು ಇರಲೇ ಇಲ್ಲ. ಬೂಟು ಹಾಕಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಅವರು ಮುಚ್ಚಿಟ್ಟದ್ದನ್ನು ನಾನೂ ಮುಚ್ಚಿಟ್ಟೆ. ಅವರು ಹೋದ ಆ ಬೆಳಿಗ್ಗೆ ಮಾತ್ರ, ನನಗೆ ಏಳು ತಿಂಗಳು, ಅವರಿಗೆ ಮೂರು ತಿಂಗಳಿಂದ ಕೆಲಸವಿಲ್ಲ, ಮಾತಿಗೆ ಮಾತು ಬೆಳೆದು ನಾನು "ಕುಂಟ" ಎಂದುಬಿಟ್ಟೆ. ಅವರು ಬೂಟು ಹಾಕಿಕೊಂಡು ಲೇಸು ಕಟ್ಟಿ ಹೊರಗೆ ಹೋದರು. ಬಾಗಿಲನ್ನು ಮೆಲ್ಲಗೇ ಎಳೆದುಕೊಂಡರು.

ಹಾಗಾಗಿ ಬಿಟ್ಟು ಹೋದರು ಎಂದು ನೀವು ಬರೆದರೆ ತಪ್ಪಿಲ್ಲ. ಬಿಡುವ ಹಾಗೆ ಮಾಡಿದವಳು ನಾನು.

ಅವರ ಹೆಸರಿಗೆ ಕೋರ್ಟಿನ ನೋಟಿಸು ನಿಮ್ಮ ವಿಳಾಸಕ್ಕೆ ಬರುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ: ಈ ಮನುಷ್ಯ ಇಲ್ಲಿಲ್ಲ ಎಂದು ಅಂಚೆಯವನಿಗೆ ಹೇಳಿ ವಾಪಸ್ಸು ಕಳಿಸುವುದು. ಇಷ್ಟನ್ನಾದರೂ ಮಾಡಿ.

ಸೊಸೆ


ಜೂನ್ ೧೮

ಮಾವನವರಿಗೆ,

ನೋಟಿಸು ತೆಗೆದುಕೊಂಡದ್ದಕ್ಕೆ ರಸೀದಿ ಕೋರ್ಟಿಗೆ ಬಂದಿದೆ. ಅದರಲ್ಲಿ ನಿಮ್ಮ ಮಗನ ಸಹಿ ಇದೆ.

ಹೋದ ವಾರ ಕೋರ್ಟಿನಲ್ಲಿ ಎಲ್ಲರ ಮುಂದೆ ನ್ಯಾಯಾಧೀಶರು ಕೇಳಿದರು, "ಏನಮ್ಮಾ, ಪತ್ತೆ ಇಲ್ಲ ಅಂತೀಯ, ಅಪ್ಪನ ಮನೇಲೇ ಕೂತು ಸಹಿ ಹಾಕಿದಾನಲ್ಲ?" ವಕೀಲರು ನನ್ನ ಮುಖ ನೋಡಿದರು. ನಾನು ಯಾರ ಮುಖ ನೋಡಲಿ? ಮೇಸ್ತ್ರಿ ಹಿಂದಿನ ಬೆಂಚಿನಲ್ಲಿದ್ದರು. ಹೊರಗೆ ಬಂದ ಮೇಲೆ ಒಂದೇ ಮಾತು ಕೇಳಿದರು. "ನಿಜ ಹೇಳಿ, ಅವರು ಇದ್ದಾರಾ?" ನನ್ನ ಮೇಲೆ ಅವರಿಗೆ ಮೊದಲ ಸಲ ಅನುಮಾನ ಬಂತು. ಆ ದಿನದಿಂದ ಪೈಪು ಬಡಿದರೆ ಸಹಾಯಕನನ್ನು ಕಳಿಸುತ್ತಿದ್ದಾರೆ.

ಅವರು ಬಂದು ಎಷ್ಟು ದಿನವಾಯಿತು? ಬಂದೇ ಇದ್ದರೋ? ಅದಕ್ಕೇ 'ಬಿಟ್ಟು ಹೋದ' ಎಂದು ಬರೆಯಲು ನಿಮ್ಮ ಕೈ ಬರಲಿಲ್ಲವೋ? ತಿಂಗಳಿಗೊಮ್ಮೆ ಹೊಳೆ ಊರಿಗೆ ಹೋಗುತ್ತೀರಿ, ತೊಗಲು ಮಾತ್ರ ಬರುವುದಿಲ್ಲ. ಅಲ್ಲಿ ಅವರಿಗೊಂದು ಮನೆ ಮಾಡಿಕೊಟ್ಟಿದ್ದೀರಾ? ಅಲ್ಲಿ ಬೇರೆ ಮಕ್ಕಳಿದ್ದಾರಾ?

ನನ್ನ ಮಗಳಿಗೆ ಬೂಟು, ಅವರಿಗೆ ಆಶ್ರಯ. ಒಂದೇ ಕೈಯಲ್ಲಿ ಎರಡು ಹೊಲಿಗೆ.

ಉತ್ತರ ಬೇಕು. ಕುಶಲ ಬೇಡ.


ಜೂನ್ ೨೫

ಮಗಳೇ,

ಮೇಲೆ ಚಿ. ಸೌ. ಎಂದು ಬರೆಯಲಿಲ್ಲ. ಒಂಬತ್ತು ವರ್ಷ ಪ್ರತಿ ಕಾಗದದ ಮೇಲೂ ಅದನ್ನು ಬರೆದೆ. ಗಂಡ ಇರುವವಳಿಗೆ ಬರೆಯುವ ಮಾತು ಅದು. ಪ್ರತಿ ಸಲವೂ ಸುಳ್ಳು ಬರೆದೆ.

ಅವನು ಇಲ್ಲ. ಹೊಳೆ ಊರಿನಲ್ಲೂ ಇಲ್ಲ, ಎಲ್ಲೂ ಇಲ್ಲ. ಮನೆಯಿಂದ ಹೋದ ಹದಿನೆಂಟನೇ ದಿನ ಹೋಗಿಬಿಟ್ಟ.

ಸಮಾಧಾನ ಮಾಡಿಕೊಂಡು ಓದು. ಅವನು ಕಾಣೆಯಾದಾಗ ನಾನೇ ಪೊಲೀಸರಿಗೆ ದೂರು ಕೊಟ್ಟದ್ದು ನಿನಗೆ ನೆನಪಿದೆ. ನಾಲ್ಕನೇ ವಾರ ನನ್ನನ್ನು ಹೊಳೆ ಊರಿನ ಠಾಣೆಗೆ ಕರೆಸಿದರು. ತೊಗಲು ತರಲು ಎಂದು ನಿಮಗೆ ಹೇಳಿ ಹೋದೆ. ನೀರಿನಿಂದ ತೆಗೆದ ದೇಹ. ಮುಖ ಗುರುತು ಸಿಗುವ ಹಾಗಿರಲಿಲ್ಲ. ಮೈಮೇಲೆ ಕಾಗದಪತ್ರವಿಲ್ಲ. ಎಡಗಾಲಲ್ಲಿ ಒಂದು ಬೂಟು. ಪೊಲೀಸಿನವರು ಅದನ್ನು ಮೇಜಿನ ಮೇಲಿಟ್ಟು, "ನೀವೇ ಬೂಟು ಹೊಲಿಯೋರಂತೆ, ನೋಡಿ ಹೇಳಿ, ಇದು ನಿಮ್ಮ ಕೈಕೆಲಸವಾ?" ಎಂದರು.

ಒಳಗೆ ಬೆರಳು ಹಾಕಿದೆ. ಅವನ ಎಡಗಾಲು ಅರ್ಧ ಬೆರಳು ಗಿಡ್ಡ. ಹನ್ನೊಂದನೇ ವಯಸ್ಸಿನಿಂದ ಅವನ ಎಡ ಬೂಟಿನಲ್ಲಿ ಪಾದ ಕೂರುವ ಒಳಹಾಳೆಯ ಕೆಳಗೆ ಮೂರು ಪದರ ಬೆಂಡು, ಬಾಟಲಿ ಬಿರಡೆಗೆ ಹಾಕುವಂಥದ್ದು, ಕೂರಿಸಿ, ಸರಿಯದ ಹಾಗೆ ನಡುವೆ ಅಡ್ಡ ಉದ್ದ ಎರಡು ಹೊಲಿಗೆ ಹಾಕುತ್ತಿದ್ದೆ. ಪ್ರಪಂಚದಲ್ಲಿ ಇನ್ಯಾರೂ ಹಾಗೆ ಮಾಡುವುದಿಲ್ಲ. ಯಾಕೆಂದರೆ ಅದು ಕಸುಬಿನಲ್ಲಿ ತಪ್ಪು, ಹಿಮ್ಮಡಿಯ ಹೊರಗೆ ಕೂರಿಸಬೇಕು. ಹೊರಗೆ ಕೂರಿಸಿದರೆ ನೋಡಿದವರಿಗೆ ಗೊತ್ತಾಗುತ್ತದಲ್ಲ, ಅದಕ್ಕೇ ಒಳಗೆ. ನೆನೆದು ಉಬ್ಬಿದ ಬೆಂಡು ನನ್ನ ಬೆರಳಿಗೆ ಸಿಕ್ಕಿತು. ಎರಡು ಹೊಲಿಗೆಯೂ ಸಿಕ್ಕವು.

"ನನ್ನ ಕೈಯದಲ್ಲ" ಎಂದೆ. ಸಹಿ ಹಾಕಿದೆ.

ಯಾಕೆ ಎಂದು ಕೇಳುತ್ತೀಯ. ಹಿಂದಿನ ವಾರವಷ್ಟೇ ಡಾಕ್ಟರು ನಿನ್ನನ್ನು ಹಾಸಿಗೆ ಬಿಟ್ಟು ಏಳಬೇಡವೆಂದಿದ್ದರು, ಮನಸ್ಸಿಗೆ ಪೆಟ್ಟು ಬಿದ್ದರೆ ಮಗು ಉಳಿಯುವುದಿಲ್ಲ ಎಂದಿದ್ದರು. ಮಗು ಹುಟ್ಟಲಿ, ಆಮೇಲೆ ಬಂದು ನನ್ನದೇ ಎಂದರಾಯಿತು, ಎರಡು ತಿಂಗಳ ಮಾತು ಎಂದುಕೊಂಡೆ. ಗುಂಡುಸೂಜಿ ಹುಟ್ಟಿದಳು. ಬಾಣಂತನ ಮುಗಿಯಲಿ ಎಂದುಕೊಂಡೆ. ಅಷ್ಟರಲ್ಲಿ ವಾರಸುದಾರರಿಲ್ಲದ ಹೆಣವೆಂದು ಅವರೇ ಮಣ್ಣು ಮಾಡಿದ್ದರು. ವಾರಸುದಾರ ಅಲ್ಲೇ ಬೆಂಚಿನ ಮೇಲೆ ಕೂತು ನೀರು ಕುಡಿದು ಬಂದಿದ್ದ. ಆಮೇಲೆ ಯಾವ ಬಾಯಲ್ಲಿ ಹೇಳಲಿ? ಇವತ್ತು ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎನ್ನುತ್ತೀರಿ. ಹೀಗೆ ದಿನಕ್ಕೊಂದು ನಿನ್ನೆ ಸೇರಿಕೊಂಡು ಒಂಬತ್ತು ವರ್ಷವಾಯಿತು. ಮೊದಲ ಸೋಮವಾರ ನಾನು ಹೋಗುವುದು ಆ ಮಣ್ಣಿಗೆ.

ಈಗ ನೀನು ಬರೆದ ಆ ಒಂದು ಮಾತಿಗೆ ಬರುತ್ತೇನೆ. ಏಪ್ರಿಲಿನಲ್ಲಿ ಅದನ್ನು ಓದಿದ ದಿನವೇ ಹೇಳಬೇಕಿತ್ತು. ನೀನು ಕುಂಟ ಎಂದೆ, ಅದಕ್ಕೆ ಬಿಟ್ಟು ಹೋದ ಎಂದುಕೊಂಡಿದ್ದೀಯ. ಅವನು ಹೋದದ್ದು ಹೊಳೆಯ ಸೇತುವೆಗೆ ಬಣ್ಣ ಬಳಿಯುವ ಕೂಲಿಗೆ. ಅಲ್ಲಿ ಚಹಾ ಅಂಗಡಿಯಮ್ಮ ಒಬ್ಬಳಿದ್ದಾಳೆ, ಮೂರನೇ ವರ್ಷ ನನಗೆ ಹೇಳಿದಳು. "ಹೊಸಬ ಒಬ್ಬ ಇದ್ದ ತಾತ, ನೇರ ನಡೀತಿದ್ದ, ಆದ್ರೆ ಹಲಗೆ ಮೇಲೆ ಬೂಟು ಬಿಚ್ಚಿ ಅಂದ್ರೆ ಮಾತ್ರ ಒಪ್ತಿರಲಿಲ್ಲ. ಹೆಂಡ್ತಿಗೆ ಹೆರಿಗೆ ಹತ್ರ, ಒಂದು ತಿಂಗಳು ದುಡ್ಕೊಂಡು ಹೋಗ್ತೀನಿ ಅಂತಿದ್ದ." ಬಣ್ಣದವರು ನಿಲ್ಲಲು ಸೇತುವೆಗೆ ಕಟ್ಟಿದ ಹಲಗೆ ಒದ್ದೆಯಾಗಿತ್ತಂತೆ, ಬೂಟು ಜಾರಿತಂತೆ. ಉಳಿದವರೆಲ್ಲ ಬರಿಗಾಲಲ್ಲಿದ್ದರಂತೆ. ಬಿದ್ದವನು ಯಾರೋ ಗೊತ್ತಿಲ್ಲವೆಂದು ಗುತ್ತಿಗೆದಾರ ಎಲ್ಲರ ಬಾಯಿ ಮುಚ್ಚಿಸಿದ.

ಅವನು ಬೂಟು ಬಿಚ್ಚದ ಹಾಗೆ ಕಲಿಸಿದವನು ನಾನು. ಯಾರಿಗೂ ಗೊತ್ತಾಗಬಾರದು, ಯಾರ ಮುಂದೆಯೂ ಬಿಚ್ಚಬೇಡ ಎಂದು ಹನ್ನೊಂದನೇ ವಯಸ್ಸಿನಿಂದ ತಲೆಗೆ ತುಂಬಿದೆ. ನಿನ್ನ ಒಂದು ಮಾತಿನಿಂದ ಅವನು ಹೋಗಲಿಲ್ಲ, ಮಗಳೇ. ಅವನು ನಿನ್ನ ಹತ್ತಿರ ಬರುವವನಿದ್ದ.

ನೋಟಿಸಿನ ವಿಷಯ. ಅಂಚೆಯವನು ಹೊಸಬ. ಬಾಗಿಲಲ್ಲಿ ಮಗನ ಹೆಸರು ಹಿಡಿದು ಕೂಗಿದ. ಒಳಗಿನಿಂದ ನಿನ್ನ ಅತ್ತೆ ಗೋಡೆ ಹಿಡಿದುಕೊಂಡು ಬಂದು, "ಯಾರ ಹೆಸರಿಗೆ ಅಂದ್ರಿ? ಇನ್ನೊಂದ್ಸಲ ಹೇಳಿ" ಎಂದಳು. ಅವಳ ಮುಂದೆ ಇಲ್ಲ ಎನ್ನಲು ನನಗೆ ಆಗಲಿಲ್ಲ. "ಇದ್ದಾರಾ?" ಎಂದ ಅಂಚೆಯವನು. ಹೂಂ ಎಂದು ಮಗನ ಹೆಸರು ಗೀಚಿ ತೆಗೆದುಕೊಂಡೆ. ನಿನ್ನ ಕುತ್ತಿಗೆಗೆ ಹಗ್ಗವಾಗುತ್ತದೆಂದು ಹೊಳೆಯಲಿಲ್ಲ.

ನಾನು ಹೇಳಿದ್ದನ್ನು ನಂಬಬೇಕಾಗಿಲ್ಲ. ಗುಂಡುಸೂಜಿಯ ಎಡ ಬೂಟು ತೆಗೆದುಕೊ, ಬ್ಲೇಡಿನಿಂದ ಒಳಹಾಳೆ ಎತ್ತಿ ನೋಡು. ಠಾಣೆಯಲ್ಲಿ ನನ್ನ ಬೆರಳಿಗೆ ಸಿಕ್ಕಿದ್ದು ಅದೇ.

ಸತ್ತವನಿಂದ ವಿಚ್ಛೇದನ ಬೇಕಿಲ್ಲ. ಸೋಮವಾರ ಠಾಣೆಗೆ ಹೋಗಿ ಹೊಸ ಹೇಳಿಕೆ ಕೊಡುತ್ತೇನೆ.

ಮಾವ


ಆಗಸ್ಟ್ ೧೧

ಮಗಳೇ,

ಆರು ವಾರವಾಯಿತು. ನೀನು ಬರೆಯಲಿಲ್ಲ. ಬರೆಯಬೇಕೆಂದು ಕೇಳುವ ಹಕ್ಕೂ ನನಗಿಲ್ಲ. ಆದರೂ ಕೆಲವು ವಿಷಯ ನಿನಗೆ ಮುಟ್ಟಲೇಬೇಕು.

ಠಾಣೆಯಲ್ಲಿ ಹಳೇ ಕಡತ ಸಿಕ್ಕಿತು. ಇನ್ಸ್‌ಪೆಕ್ಟರು ನನ್ನ ಹಳೇ ಸಹಿ, ಹೊಸ ಸಹಿ ಪಕ್ಕಪಕ್ಕ ಇಟ್ಟು, "ತಾತ, ಎರಡೂ ನಿಮ್ದೇನಾ? ಯಾವುದನ್ನ ನಂಬ್ಲಿ?" ಎಂದರು. "ಕೈ ನಡುಗಿರೋದನ್ನ ನಂಬಿ ಸ್ವಾಮಿ, ಆವತ್ತು ನಡುಗಿರಲಿಲ್ಲ" ಎಂದೆ. ಉಗ್ರಾಣದಿಂದ ಒಂದು ಚೀಲ ತಂದರು. ತೊಗಲನ್ನೆಲ್ಲ ಇಲಿ ತಿಂದಿತ್ತು. ಬೆಂಡು ಮಾತ್ರ ಉಳಿದಿತ್ತು, ಮೂರು ಪದರ, ನಡುವೆ ಎರಡು ಹೊಲಿಗೆ. ಅಂಗಡಿಯಿಂದ ಅವನ ಎಡಗಾಲಿನ ಅಚ್ಚು ಒಯ್ದಿದ್ದೆ. ಅದರ ಹಿಮ್ಮಡಿಗೆ ಇಟ್ಟು ತೋರಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಇನ್ಸ್‌ಪೆಕ್ಟರು ಹೊಸ ಹೇಳಿಕೆಯನ್ನು ಕಡತಕ್ಕೆ ಸೇರಿಸಿದರು. ಮರಣ ಪ್ರಮಾಣಪತ್ರ ಈ ತಿಂಗಳೊಳಗೆ ನಿನ್ನ ವಕೀಲರಿಗೆ ನೇರ ಬರುತ್ತದೆ. ನನ್ನ ಹೇಳಿಕೆಯ ಪ್ರತಿ ಇದರೊಳಗಿದೆ. ಮೇಸ್ತ್ರಿಗೆ ತೋರಿಸು, ಅನುಮಾನ ಇಟ್ಟುಕೊಳ್ಳುವುದಾದರೆ ನನ್ನ ಮೇಲಿಡಲಿ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನನ್ನ ಮೇಲೆ ಕೇಸು ಬರಬಹುದಂತೆ. ಬರಲಿ.

ನಿನ್ನ ಅತ್ತೆಗೆ ಹೇಳಿದೆ. ಎದುರು ಕೂತು, ಕೈ ಹಿಡಿದು ಹೇಳಿದೆ. ಅಳಲಿಲ್ಲ. "ಗೊತ್ತು" ಎಂದಳು. "ಹೊಸ ತೊಗಲಿಗೊಂದು ವಾಸನೆ ಇದೆ. ಒಂಬತ್ತು ವರ್ಷದಿಂದ ಪ್ರತಿ ಮೊದಲ ಸೋಮವಾರ ನೀವು ಹೊಳೆ ಮಣ್ಣಿನ ವಾಸನೆ ಹೊತ್ಕೊಂಡು ಬರ್ತಿದ್ರಿ. ಮೂಗಿಗೆ ಗೊತ್ತಾಗಿದ್ದನ್ನ ಬಾಯಿ ಬಿಟ್ಟು ಹೇಳ್ತೀರೇನೋ ಅಂತ ಕಾದೆ." ಅಂದರೆ ನೋಟಿಸು ಬಂದ ದಿನ ಅವಳು ಬಾಗಿಲಿಗೆ ಬಂದದ್ದು ನಾನು ಏನು ಹೇಳುತ್ತೇನೆಂದು ಕೇಳಲು. ನಾನು ಹೂಂ ಎಂದೆ. ಆಮೇಲಿಂದ ಅವಳು ನನ್ನ ಜೊತೆ ಅಗತ್ಯಕ್ಕಷ್ಟೇ ಮಾತಾಡುತ್ತಾಳೆ. ಅಚ್ಚುಗಳ ಧೂಳು ಒರೆಸುವುದನ್ನು ನಿಲ್ಲಿಸಿದ್ದಾಳೆ.

ನಿನ್ನೆ ನಿನ್ನ ಪಾರ್ಸೆಲ್ಲು ಬಂತು. ಕಾಗದವಿರಬಹುದೆಂದು ಎರಡು ಸಲ ಕೊಡವಿ ನೋಡಿದೆ. ಎಡ ಬೂಟೊಂದೇ ಇತ್ತು. ಒಳಹಾಳೆಯನ್ನು ಅಂಚಿನಗುಂಟ ನೀಟಾಗಿ ಕತ್ತರಿಸಿ ಎತ್ತಿದ್ದೀಯ. ಬೆಂಡನ್ನು ಮುಟ್ಟಿಲ್ಲ. ಹಾಗಾದರೆ ನೋಡಿದೆ. ನಂಬಿದೆ ಎಂದುಕೊಳ್ಳಲೋ, ನನ್ನ ಮುಖಕ್ಕೆ ಎಸೆದೆ ಎಂದುಕೊಳ್ಳಲೋ ತಿಳಿಯಲಿಲ್ಲ. ಎರಡೂ ಸರಿಯೇ.

ಬೂಟನ್ನು ಸರಿ ಮಾಡಿ ಕಳಿಸುತ್ತಿದ್ದೇನೆ. ಒಂದೇ ಬೂಟಿನಲ್ಲಿ ಮಗು ಎಷ್ಟು ದಿನ ಓಡಾಡೀತು? ಈ ಸಲ ಬೆಂಡನ್ನು ಒಳಗೆ ಹಾಕಿಲ್ಲ. ಹೊರಗೆ, ಹಿಮ್ಮಡಿಯ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ಕೂರಿಸಿ ಹೊಲಿದಿದ್ದೇನೆ. ಆಡಿಕೊಳ್ಳುವವರು ನಾಲ್ಕು ದಿನ ಆಡಿಕೊಳ್ಳುತ್ತಾರೆ. ಬಿಚ್ಚಬೇಕಾದ ಕಡೆ ಅವಳು ಬಿಚ್ಚುವುದನ್ನು ಕಲಿಯಲಿ. ಅಪ್ಪ ಬಿಟ್ಟು ಹೋಗಿರಲಿಲ್ಲ ಎಂದು ಅವಳಿಗೆ ಹೇಳಿದೆಯಾ? ಆ ಅರ್ಜಿ ತಿದ್ದಿದಳಾ?

ಮೇಸ್ತ್ರಿ ಮತ್ತೆ ತಾವೇ ಮೆಟ್ಟಿಲು ಹತ್ತಿ ಬರುತ್ತಿದ್ದಾರೆಯೇ, ಅದೊಂದನ್ನಾದರೂ ತಿಳಿಸು. ಬೈದು ಬರೆದರೂ ಸರಿ. ಬೈಯಲೂ ಮನಸ್ಸಾಗದಿದ್ದರೆ ಗುಂಡುಸೂಜಿಯನ್ನು ಕಾಗದದ ಮೇಲೆ ನಿಲ್ಲಿಸಿ ಎರಡು ಪಾದದ ಗೆರೆ ಎಳೆದು, ಏನೂ ಬರೆಯದೆ ಕಳಿಸು. ಅದನ್ನೇ ಓದಿಕೊಳ್ಳುತ್ತೇನೆ. ಬೆಳೆಯುವ ಕಾಲು, ಹೋದ ಅಳತೆ ಮುಂದಿನ ತಿಂಗಳಿಗೆ ಆಗುವುದಿಲ್ಲ. ಬೇಗ ಕಳಿಸು.

ಮಾವ